ದುಡ್ಡಿಲ್ಲದ ವ್ಯಾಯಾಮ



ವ್ಯಾಯಾಮವೆಂಬುದು ಹಣವುಳ್ಳವರ ಹವ್ಯಾಸವೆಂಬ ಭಾವನೆ ನಮ್ಮ ನಗರಗಳಲ್ಲಿ ಬೇರೂರುತ್ತಿದೆ. ಬೆಂಗಳೂರಿನ ಪೂರ್ವಭಾಗದ ಮಾರತ್ತಹಳ್ಳಿಯನ್ನೇ ನೋಡಿ. ಹೊರವರ್ತುಲ ರಸ್ತೆಯ ಅಂಚಿನಲ್ಲಿ ಗಾಜಿನ ಕಚೇರಿಗಳು. ಹಿಂದಿನ ಓಣಿಗಳಲ್ಲಿ ಇಬ್ಬರು ಮೂವರು ಹಂಚಿಕೊಂಡಿರುವ ಬಾಡಿಗೆಯ ಕೊಠಡಿಗಳು. ಹಗಲೆಲ್ಲ ಕುರ್ಚಿ, ಸಂಜೆಯೆಲ್ಲ ಬಸ್ಸು. ಬಾಡಿಗೆ ತೆತ್ತು, ಊರಿಗೆ ಹಣ ಕಳುಹಿಸಿದ ಮೇಲೆ ವ್ಯಾಯಾಮಶಾಲೆಯ ಶುಲ್ಕಕ್ಕೆ ಉಳಿಯುವುದೆಷ್ಟು? ಇಂಥವರಿಗೆ ದೇಹಸಾಧನೆ ದುರ್ಲಭವೇ ಎಂಬುದೇ ಈ ಹೊತ್ತಿನ ವಿಚಾರ.

ಮೊದಲು ಬೇಕಾದ ಅಳತೆಯನ್ನು ತಿಳಿಯೋಣ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಸೂಚನೆಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮವೂ, ಎರಡು ದಿನವಾದರೂ ಮಾಂಸಖಂಡಗಳನ್ನು ಬಲಪಡಿಸುವ ಅಭ್ಯಾಸವೂ ಅಗತ್ಯ. ಮಧ್ಯಮ ಶ್ರಮವೆಂದರೆ, ಬಿರುಸಾಗಿ ನಡೆಯುವಾಗ ಮಾತನಾಡಬಹುದು, ಹಾಡಲಾಗದು; ಅಷ್ಟೇ. ಈ ಸಾಲವನ್ನು ಒಂದೇ ಸಲ ತೀರಿಸಬೇಕಾಗಿಲ್ಲ. ಹತ್ತು ಹತ್ತು ನಿಮಿಷದ ಕಂತಿನಲ್ಲಿ ತೆತ್ತರೂ ಸಲ್ಲುತ್ತದೆ.

ಬಸ್ಸಿನ ಮಾತು ಬಂತಷ್ಟೆ. 1953ರಲ್ಲಿ ಡಾಕ್ಟರ್ ಜೆರಿ ಮಾರಿಸ್ ಮತ್ತು ಅವರ ಸಂಗಡಿಗರು ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ನೌಕರರನ್ನು ಕುರಿತ ಪರಿಶೋಧನೆಯನ್ನು ಪ್ರಕಟಿಸಿದರು. ಕುಳಿತೇ ಇರುವ ಚಾಲಕರಿಗಿಂತ, ದಿನವೆಲ್ಲ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಲ್ಲಿ ಹೃದ್ರೋಗ ಕಡಿಮೆಯಾಗಿತ್ತು. ಇದಕ್ಕೆ ಬೇರೆ ಕಾರಣಗಳೂ ಸೇರಿರಬಹುದೆಂಬ ಚರ್ಚೆ ಆಮೇಲೆ ನಡೆಯಿತು. ಆದರೂ ಮುಂದಿನ ಅನೇಕ ಪರಿಶೋಧನೆಗಳು ಅದೇ ದಿಕ್ಕನ್ನು ತೋರಿದವು. ಆ ಕಂಡಕ್ಟರುಗಳು ಮೆಟ್ಟಿಲಿಗೆ ಶುಲ್ಕ ತೆರಲಿಲ್ಲವೆಂಬುದನ್ನು ಮರೆಯಬಾರದು. ನಾಲ್ಕನೆಯ ಅಂತಸ್ತಿಗೆ ಲಿಫ್ಟನ್ನು ಬಿಟ್ಟು ನಡೆದೇ ಹತ್ತುವುದು, ಒಂದು ನಿಲ್ದಾಣ ಮುಂಚೆಯೇ ಇಳಿದು ಒಳಗಿನ ಓಣಿಗಳಲ್ಲಿ ನಡೆಯುವುದು, ಇವು ನಮಗೂ ಸಾಧ್ಯ.

ಬಲಕ್ಕೆ ಬೇಕಾದ ವಿದ್ಯೆಯಂತೂ ನಮ್ಮ ಮನೆಯಲ್ಲಿಯೇ ಇದೆ. ಗರಡಿಯ ದಂಡ, ಬಸ್ಕಿಗಳಿಗೆ ತನ್ನ ದೇಹದ ಭಾರವೇ ಸಲಕರಣೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ನಡೆಸಿದ ತಿರುಮಲೈ ಕೃಷ್ಣಮಾಚಾರ್ಯರು 1934ರಲ್ಲಿ ‘ಯೋಗ ಮಕರಂದ’ವನ್ನು ಕನ್ನಡದಲ್ಲಿಯೇ ಬರೆದು ಪ್ರಕಟಿಸಿದರು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸುತ್ತಿದ್ದ ಕೆ. ವಿ. ಅಯ್ಯರ್ ಅವರು ಅಂಚೆಯ ಮೂಲಕವೂ ಪಾಠ ಹೇಳಿದರು. ಸೂರ್ಯನಮಸ್ಕಾರವನ್ನು ಕುರಿತು ಪುಸ್ತಕ ಬರೆದರು. ಅದಕ್ಕೆ ಬೇಕಾದುದು ಒಂದು ಚಾಪೆ ಹಾಸುವಷ್ಟು ನೆಲ. ಹಂಚಿಕೊಂಡ ಕೊಠಡಿಯಲ್ಲಿಯೂ ಅಷ್ಟು ದೊರೆತೀತು. ಹೊಸಬರು ನಾಲ್ಕು ನಮಸ್ಕಾರಗಳಿಂದ ತೊಡಗಿ ಮೆಲ್ಲಮೆಲ್ಲನೆ ಹೆಚ್ಚಿಸಲಿ. ಎದೆನೋವೋ ತಲೆಸುತ್ತೋ ಕಂಡರೆ ನಿಲ್ಲಿಸಿ ವೈದ್ಯರಿಗೆ ತೋರಿಸತಕ್ಕದ್ದು.

ಆದರೆ ಈ ಉಪದೇಶಕ್ಕೆ ಎರಡು ಮಿತಿಗಳುಂಟು. ಅದೇ ಕಚೇರಿಯ ಬಾಗಿಲಲ್ಲಿ ಹನ್ನೆರಡು ಗಂಟೆ ನಿಂತ ಕಾವಲುಗಾರನಿಗೂ, ನಾಲ್ಕು ಮನೆಗಳ ನೆಲ ಒರಸಿದ ಹೆಂಗಸಿಗೂ ‘ಮೆಟ್ಟಿಲು ಹತ್ತಿರಿ’ ಎನ್ನುವುದು ಕ್ರೌರ್ಯ. ಅವರಿಗೆ ಮೊದಲು ಬೇಕಾದುದು ವಿಶ್ರಾಂತಿ. ಎರಡನೆಯದಾಗಿ, ನಡಿಗೆ ಪುಕ್ಕಟೆಯಾದರೂ ನಡೆಯುವ ದಾರಿ ಪುಕ್ಕಟೆಯಾಗಿ ಹುಟ್ಟುವುದಿಲ್ಲ. ಕಾಲುದಾರಿ ಒಡೆದು, ಅದರ ಮೇಲೆ ವಾಹನಗಳು ನಿಂತರೆ, ಸಂಜೆ ದೀಪವಿಲ್ಲದಿದ್ದರೆ, ಬಡವನ ವ್ಯಾಯಾಮಶಾಲೆಗೆ ಬೀಗ ಬಿದ್ದಂತೆಯೇ. ಹಣವುಳ್ಳವನು ಬೇರೆಡೆ ಹೋದಾನು. ಇಲ್ಲದವನು ಎಲ್ಲಿಗೆ ಹೋಗಬೇಕು? ಕುಂದಲಹಳ್ಳಿಯ ಕೆರೆಯಂತಹ ಜಲಾಶಯಗಳ ದಂಡೆಯೂ, ಬಡಾವಣೆಯ ಉದ್ಯಾನವೂ, ನೇರವಾದ ಕಾಲುದಾರಿಯೂ ಅಲಂಕಾರಗಳಲ್ಲ. ಅವು ಸಾರ್ವಜನಿಕ ಆರೋಗ್ಯದ ಸಾಧನಗಳು.

ಆದಕಾರಣ, ಕುಳಿತು ದುಡಿಯುವ ಶ್ರೋತೃಗಳು ನಾಳೆಯಿಂದಲೇ ಮೆಟ್ಟಿಲನ್ನೂ ಚಾಪೆಯನ್ನೂ ಉಪಯೋಗಿಸಲಿ. ಅದರೊಡನೆ ಕಾಲುದಾರಿಯನ್ನು ಕೇಳಿ ಪಡೆಯುವ ಧ್ವನಿಯನ್ನೂ ಉಪಯೋಗಿಸಲಿ. ಅದಕ್ಕೂ ದುಡ್ಡು ಬೇಕಿಲ್ಲ.