ಕಡಲಾಚೆಯ ಪಯಣಕ್ಕೆ ಮುನ್ನ

(ಡಿಸೆಂಬರ್ 3, ಸಂತ ಫ್ರಾನ್ಸಿಸ್ ಝೇವಿಯರರ ಹಬ್ಬದ ಪ್ರಬೋಧನೆ)



ಇಂದಿನ ಶುಭಸಂದೇಶದಲ್ಲಿ ಪ್ರಭು ಯೇಸು ತಮ್ಮ ಶಿಷ್ಯರನ್ನು ಲೋಕದ ಮೂಲೆಮೂಲೆಗೂ ಕಳುಹಿಸುತ್ತಾರೆ. ದಾರಿಗೆ ಏನು ಬೇಕು, ಎಷ್ಟು ದಿನದ ಪ್ರಯಾಣ ಎಂಬುದನ್ನು ಮಾತ್ರ ಹೇಳುವುದಿಲ್ಲ. ಇದನ್ನು ಓದುವಾಗ ನಮಗೆ ತೊಂಡೇಬಾವಿಯ ಒಂದು ಮನೆ ನೆನಪಾಯಿತು. ಆ ಮನೆಯವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇವೆ.

ಆ ದಂಪತಿಗಳ ಮಗಳು ಐರ್ಲೆಂಡಿನಲ್ಲಿ ನರ್ಸ್. ಅವಳಿಗೆ ಚೊಚ್ಚಲ ಹೆರಿಗೆ. ಮೂರು ವಾರ ಹೋಗಿಬರೋಣವೆಂದು ಇವರು ಹೊರಟರು. ಬಾಣಂತನಕ್ಕೆ ಅಷ್ಟು ಸಾಲದು, ವೀಸಾದಲ್ಲಿ 90 ದಿನದವರೆಗೂ ಇರಬಹುದು ಎಂದಳು ಮಗಳು. ಅಷ್ಟು ದೂರ ಹೋಗಿ ರೋಮಾಪುರಿ ನೋಡದೆ ಬರುವುದುಂಟೇ ಎಂದರು ನೆಂಟರು. ರೋಮಿನ ಜೊತೆಗೆ ಲೂರ್ದು ಸೇರಿತು, ಲೂರ್ದಿನ ಹಿಂದೆಯೇ ಫಾತಿಮಾ. ಐರ್ಲೆಂಡಿನ ವೀಸಾ ಹಿಡಿದು ರೋಮಿಗೆ ಹೋಗಲಾಗದು, ಅದಕ್ಕೆ ಷೆಂಗೆನ್ ವೀಸಾ ಬೇರೆಯೇ ಬೇಕೆಂದು ಗೊತ್ತಾದದ್ದು ಆಮೇಲೆ. ಪಾಸ್‌ಪೋರ್ಟಿಗೆ ಕೊಟ್ಟ ಒಂದು ಕಾಗದದಲ್ಲಿದ್ದ ಹೆಸರು ಇನ್ನೊಂದರಲ್ಲಿ ಇರಲಿಲ್ಲ. ನಮ್ಮ ಹಿರಿಯರ ಪಾಡೇ ಇದು: ಜ್ಞಾನಸ್ನಾನದ ಪುಸ್ತಕದಲ್ಲಿ ಝೇವಿಯರ್, ಶಾಲೆಯಲ್ಲಿ ಚೌರಪ್ಪ. ಸಂತರು ಒಬ್ಬರೇ ಎಂದು ಕಚೇರಿಯವರಿಗೆ ತಿಳಿಹೇಳುವವರು ಯಾರು!

ಪ್ರಯಾಣಕ್ಕೆ ಆಶೀರ್ವಾದ ಕೋರಿ ಕರೆದಿದ್ದರಿಂದ ನಾವು ಆ ಮನೆಗೆ ಹೋದೆವು. ನಡುಮನೆಯಲ್ಲಿ ಜೋಳದ ಮೂಟೆ ತೂಗುವ ತಕ್ಕಡಿ. ಅದರ ಮೇಲೆ ಸೂಟ್‌ಕೇಸು. ಒಂದಕ್ಕೆ 23 ಕಿಲೋ ಮೀರಬಾರದು. ಹುರಿಹಿಟ್ಟು, ಖಾರದಪುಡಿ, ಬಾಣಂತಿ ಲೇಹ್ಯ, ಕೂಸಿಗೆ ಹಳೆ ಸೀರೆಯಲ್ಲಿ ಹೊಲಿದ ಕೌದಿ. ತುಪ್ಪ ಮತ್ತು ಹಾಲಿನ ಸಿಹಿಯನ್ನು ಅಲ್ಲಿ ಒಳಗೆ ಬಿಡುವುದಿಲ್ಲವೆಂದು ಮಗಳು ಹೇಳಿದ್ದರಿಂದ ತಾಯಿಗೆ ಬೇಸರ. "ಫಾದರ್, ಲಿಸ್ಟು ಬೆಳೀತಾನೇ ಇದೆ" ಎಂದು ಯಜಮಾನರು ಮೂರು ಹಾಳೆ ತೋರಿಸಿದರು. ನಾವು ಓದಿದೆವು. ಮೂಲೆಯ ಮಂಚದ ಮೇಲೆ 80 ದಾಟಿದ ಅವರ ತಾಯಿ ಕುಳಿತಿದ್ದರು. "ಅಮ್ಮನನ್ನು ಯಾರು ನೋಡಿಕೊಳ್ಳುತ್ತಾರೆ?" ಎಂದು ಕೇಳಿದಾಗ ಮನೆ ಮೌನವಾಯಿತು. ಪಕ್ಕದ ಬೀದಿಯಲ್ಲೇ ತಮ್ಮನ ಮನೆ. ಬೋರ್‌ವೆಲ್ ನೀರಿನ ಜಗಳವಾಗಿ ನಾಲ್ಕು ವರ್ಷದಿಂದ ಅಣ್ಣ ತಮ್ಮಂದಿರಿಗೆ ಮಾತಿಲ್ಲ. ಅಜ್ಜಿಯ ಹೆಸರಾಗಲಿ ತಮ್ಮನ ಹೆಸರಾಗಲಿ ಆ ಮೂರು ಹಾಳೆಯಲ್ಲಿ ಎಲ್ಲೂ ಇರಲಿಲ್ಲ.

ಪ್ರಿಯರೇ, ನಮ್ಮ ಮಹಾಧರ್ಮಕ್ಷೇತ್ರದ ಪ್ರಧಾನಾಲಯಕ್ಕೆ ಯಾರ ಹೆಸರಿದೆಯೋ ಆ ಸಂತರ ಪಯಣವೂ ಹೀಗೆಯೇ ಬೆಳೆಯುತ್ತಾ ಹೋಯಿತು. ಭಾರತಕ್ಕೆ ಬರಬೇಕಾಗಿದ್ದವರು ಅವರಲ್ಲ, ಬೊಬದಿಲ್ಲಾ ಎಂಬ ಸಂಗಡಿಗರು. ಅವರು ಕಾಯಿಲೆ ಬಿದ್ದುದರಿಂದ 1540ರ ಮಾರ್ಚ್‌ನಲ್ಲಿ ಸಂತ ಇಗ್ನೇಷಿಯಸರು ಝೇವಿಯರರನ್ನು ಕರೆದರು. ಸಿದ್ಧತೆಗೆ ದೊರೆತದ್ದು ಒಂದೇ ದಿನ. ಹಳೆಯ ಬಟ್ಟೆಗೆ ತೇಪೆ ಹಾಕಿಕೊಂಡರು. ಇನ್ನೊಂದು ಕೆಲಸವನ್ನೂ ಮರೆಯಲಿಲ್ಲ: ಯೇಸುಸಭೆಯ ನಿಯಮಗಳಿಗೆ ತಮ್ಮ ಒಪ್ಪಿಗೆ, ಮುಖ್ಯಸ್ಥರಾಗಿ ಇಗ್ನೇಷಿಯಸರೇ ಆಗಲಿ ಎಂಬ ಮತ, ತಮ್ಮ ವ್ರತ, ಇವನ್ನೆಲ್ಲ ಬರೆದಿಟ್ಟು ಹೊರಟರು. ಹಿಂದೆ ಉಳಿಯುವವರ ಜೊತೆಗಿನ ಲೆಕ್ಕ ಚುಕ್ತಾ ಮಾಡಿದ್ದೇ ಅವರ ದೊಡ್ಡ ಸಿದ್ಧತೆ.

ಲಿಸ್ಬನ್ನಿನಲ್ಲಿ ಹಡಗಿಗಾಗಿ ತಿಂಗಳುಗಟ್ಟಲೆ ಕಾದರು. ರಾಜನ ಕಡೆಯವರು ಬೇಕಾದ್ದನ್ನೆಲ್ಲ ಕೊಡಲು ಮುಂದೆ ಬಂದರೂ ಕೆಲವು ಪುಸ್ತಕ, ಚಳಿಗೆ ಒಂದಿಷ್ಟು ಬಟ್ಟೆ ಬಿಟ್ಟರೆ ಹೆಚ್ಚೇನೂ ತೆಗೆದುಕೊಳ್ಳಲಿಲ್ಲ. ಸೇವಕನನ್ನೂ ಬೇಡವೆಂದು ತಮ್ಮ ಬಟ್ಟೆಯನ್ನು ತಾವೇ ಒಗೆದುಕೊಂಡರು. 1541ರ ಏಪ್ರಿಲ್ 7ರಂದು, ತಮ್ಮ 35ನೆಯ ಹುಟ್ಟುಹಬ್ಬದ ದಿನ, ಹಡಗು ಹತ್ತಿದರು. ನಡುವೆ ಮೊಜಾಂಬಿಕ್‌ನಲ್ಲಿ ತಿಂಗಳುಗಟ್ಟಲೆ ತಂಗಿ, ರೋಗಿಗಳ ಸೇವೆ ಮಾಡುತ್ತಾ ತಾವೂ ಕಾಯಿಲೆ ಬಿದ್ದರು. ಗೋವೆ ತಲುಪಿದ್ದು 1542ರ ಮೇ 6ಕ್ಕೆ. ಅಲ್ಲಿಗೆ ಪಯಣ ಮುಗಿಯಿತೇ? ಇಲ್ಲ. ತಮಿಳು ಕರಾವಳಿಯ ಮುತ್ತು ತೆಗೆಯುವ ಬೆಸ್ತರ ಕೇರಿಗಳು, 1545ರಲ್ಲಿ ಮಲಾಕ್ಕಾ, ಮರುವರ್ಷ ಮೊಲುಕ್ಕಾ ದ್ವೀಪಗಳು, 1549ರ ಆಗಸ್ಟ್ 15ರಂದು ಜಪಾನ್. ಕೊನೆಗೆ ಚೀನಾ ದೇಶದ ಹೊಸ್ತಿಲಲ್ಲಿ, ಶಾಂಗ್‌ಚುವಾನ್ ದ್ವೀಪದಲ್ಲಿ, 1552ರ ಡಿಸೆಂಬರ್ 3ರಂದು ಪ್ರಾಣ ಬಿಟ್ಟರು. ವಯಸ್ಸು 46. ಅದು ತಿಳಿಯದೆ ಇಗ್ನೇಷಿಯಸರು 1553ರಲ್ಲಿ ಅವರನ್ನು ಹಿಂದಕ್ಕೆ ಕರೆದು ಪತ್ರ ಬರೆದರು. ಆಗ ಪತ್ರ ಕೈಸೇರಲು ವರ್ಷಗಳೇ ಹಿಡಿಯುತ್ತಿದ್ದವು.

ಆ ಸಂಗಡಿಗರನ್ನು ಝೇವಿಯರರು ಮರೆತಿದ್ದರೇ? ಬಂದ ಪತ್ರಗಳಿಂದ ಅವರ ಸಹಿಗಳನ್ನು ಕತ್ತರಿಸಿ ತಮ್ಮ ಮೈಮೇಲೇ ಇಟ್ಟುಕೊಂಡಿದ್ದರು. ಅದಕ್ಕೆಷ್ಟು ತೂಕವಿದ್ದೀತು? ನಾವಾದರೋ ಉಪ್ಪಿನಕಾಯಿಯ ಡಬ್ಬಿಗೆ ಮೂರು ಸುತ್ತು ಪ್ಲಾಸ್ಟಿಕ್ ಸುತ್ತುತ್ತೇವೆ, ಒಡಹುಟ್ಟಿದವನ ಮಾತು ಸೋರಿಹೋಗಿ ನಾಲ್ಕು ವರ್ಷವಾದರೂ ಗಮನಿಸುವುದಿಲ್ಲ. ಕಾಣಿಕೆಯನ್ನು ಪೀಠದ ಮುಂದೆ ಬಿಟ್ಟು ಮೊದಲು ಸಹೋದರನೊಡನೆ ರಾಜಿಯಾಗಿ ಬಾ ಎಂದವರು ಯೇಸುಸ್ವಾಮಿ. ಲೂರ್ದಿಗೆ ಒಯ್ಯುವ ಮೇಣದ ಬತ್ತಿಗೂ ಆ ಮಾತು ಸಲ್ಲುತ್ತದಲ್ಲವೇ?

ನಾವು ಆ ದಿನ ಹಾಳೆಯಲ್ಲಿ ಏನನ್ನೂ ಹೊಡೆದು ಹಾಕಲಿಲ್ಲ. ಅಜ್ಜಿಯ ಹಣೆಗೆ ಶಿಲುಬೆ ಗುರುತು ಹಾಕಿ ಬಂದೆವು. ಕಳೆದ ಶನಿವಾರ ಪಾಪನಿವೇದನೆಗೆ ಜನ ಸೇರಿದ್ದಾಗ ಯಜಮಾನರು ಹೊರಗೆ ಸಿಕ್ಕರು. ಹಿಂದಿನ ಸಂಜೆ ತಮ್ಮನ ಮನೆಗೆ ಹೋಗಿದ್ದರಂತೆ. ತಮ್ಮ ಇರಲಿಲ್ಲ. ಅವನ ಹೆಂಡತಿ ಕುಳಿತುಕೊಳ್ಳಿ ಭಾವ ಎಂದು ಕಾಫಿ ಕೊಟ್ಟಳಂತೆ. ಭಾನುವಾರ ಪೂಜೆ ಮುಗಿಸಿ, ಈ ಸಲ ಅಮ್ಮನನ್ನೂ ಕರೆದುಕೊಂಡು ಮತ್ತೆ ಹೋಗುತ್ತಾರೆ.