ಹಳೆಯ ಮನೆಗಳೂ ಊರಿನ ನಿಬಂಧನೆಗಳೂ



ಬೆಂಗಳೂರಿನಿಂದ ಜೋಲಾರಪೇಟೆಯ ಕಡೆಗೆ ಪ್ರಯಾಣಮಾಡಿದವರೆಲ್ಲರೂ ಬಂಗಾರಪೇಟೆಯನ್ನು ದಾಟಿದವರೇ. ಅಲ್ಲಿ ಇಳಿದು ಊರೊಳಕ್ಕೆ ಕಾಲಿಟ್ಟವರು ಮಾತ್ರ ವಿರಳ. ಈಚಿನ ವರ್ಷಗಳಲ್ಲಿ ಅಲ್ಲಿನ ತಿಳಿನೀರಿನ ಪಾನಿಪೂರಿಯ ಖ್ಯಾತಿಯು ಕೆಲವರನ್ನು ರೈಲಿನಿಂದ ಇಳಿಸಿರುವುದುಂಟು. ಅದು ಊರಿನ ಅದೃಷ್ಟವೆಂದೇ ಹೇಳಬೇಕು. ಆದರೆ ನಾವು ಈ ದಿನ ತಮ್ಮಲ್ಲಿ ಅರಿಕೆಮಾಡಬೇಕೆಂದಿರುವುದು ನಾಲಗೆಯ ವಿಷಯವಲ್ಲ. ಕಣ್ಣಿನ ಮುಂದೆಯೇ ಇದ್ದು ದಿನದಿನಕ್ಕೆ ಕಣ್ಮರೆಯಾಗುತ್ತಿರುವ ಹಳೆಯ ಮನೆಗಳ ವಿಷಯ.

ಕಳೆದ ಬೇಸಗೆಯಲ್ಲಿ ನಾವು ಬಂಗಾರಪೇಟೆಯ ಒಂದು ಬೀದಿಯಲ್ಲಿ ಪರಿಚಿತರೊಬ್ಬರ ಮನೆಯನ್ನು ಹುಡುಕಿಕೊಂಡು ಹೋದೆವು. ಮನೆಯು ಸಿಕ್ಕಲಿಲ್ಲ. ಬೀದಿಯು ತಪ್ಪಿತೆಂದು ತಿಳಿದು ಎರಡು ಸಲ ತಿರುಗಿದೆವು. ಕೊನೆಗೆ ಎದುರು ಅಂಗಡಿಯವರು, "ನೀವು ನಿಂತಿರುವುದೇ ಅವರ ಜಗುಲಿಯ ಮೇಲೆ" ಎಂದರು. ಕಾಲಕೆಳಗೆ ಇಟ್ಟಿಗೆಯ ಪುಡಿಯಿತ್ತು. ಎರಡು ತಲೆಮಾರು ಕುಳಿತು ನುಣುಪಾಗಿದ್ದ ಆ ಜಗುಲಿಯ ಚಪ್ಪಡಿಗಳು ಬೇರೊಂದು ಗಾಡಿಯಲ್ಲಿ ಹೊರಟುಹೋಗಿದ್ದುವು. ಬಾಗಿಲುವಾಡ, ಕಂಬ, ಬೋದಿಗೆ, ತೊಲೆ ಎಲ್ಲವನ್ನೂ ಕೆಡಹುವ ಗುತ್ತಿಗೆದಾರನೇ ಹಣಕೊಟ್ಟು ಕೊಂಡಿದ್ದನಂತೆ. ಇಂಥ ಕಂಬಗಳನ್ನು ಬೆಂಗಳೂರಿನ ಹೋಟೆಲುಗಳಲ್ಲಿ ಅಲಂಕಾರಕ್ಕಾಗಿ ನಿಲ್ಲಿಸಿರುವುದನ್ನು ತಾವೂ ನೋಡಿರಬಹುದು. ಏನನ್ನೂ ಹೊರದೆ ನಿಂತಿರುವ ಕಂಬಕ್ಕಿಂತ ದೀನವಾದ ವಸ್ತು ಬೇರೊಂದಿಲ್ಲ.

ಮನೆಯ ಯಜಮಾನರನ್ನು ಆಮೇಲೆ ಕಂಡೆವು. ಅವರು ದುಃಖಿಸಲೂ ಇಲ್ಲ, ನಾಚಲೂ ಇಲ್ಲ. "ಇಬ್ಬರು ಮಕ್ಕಳು, ಒಂದೇ ಸೂರು, ಪ್ರತಿ ಮಳೆಗಾಲಕ್ಕೂ ಹೆಂಚು ಸರಿಪಡಿಸುವವನನ್ನು ಹುಡುಕಬೇಕು, ಕೆಳಗೆ ಮೂರು ಮಳಿಗೆ ಕಟ್ಟಿ ಬಾಡಿಗೆಗೆ ಕೊಟ್ಟರೆ ಬದುಕು ಸಾಗುತ್ತದೆ" ಎಂದರು. ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಹಳೆಯ ಮನೆಗಳನ್ನು ಉಳಿಸಬೇಕೆಂದು ಸಭೆಗಳಲ್ಲಿ ಮಾತನಾಡತಕ್ಕವರು ಮೊದಲು ಉತ್ತರ ಹೇಳಬೇಕಾದದ್ದು ಈ ಯಜಮಾನರಿಗೆ ಎಂಬುದು ಅಂದಿನಿಂದ ನಮ್ಮ ಮನಸ್ಸಿನಲ್ಲಿ ನಿಂತುಬಿಟ್ಟಿದೆ.

ಈ ಸೀಮೆಯ ಮನೆಗಳಲ್ಲಿ ಉಳಿಸತಕ್ಕದ್ದು ಏನಿದೆ ಎಂದು ಕೇಳುವವರಿಗೆ ಸ್ವಲ್ಪ ಇತಿಹಾಸವನ್ನು ಹೇಳಬೇಕಾಗುತ್ತದೆ. 1862ರಿಂದ 1870ರವರೆಗೆ ಮೈಸೂರಿನ ಚೀಫ್ ಕಮಿಷನರಾಗಿದ್ದ ಲೆವಿನ್ ಬೌರಿಂಗ್ ಎಂಬವರ ಹೆಸರಿನಿಂದ ಈ ಊರು ಬೌರಿಂಗ್‌ಪೇಟೆಯೆನಿಸಿತ್ತು. 1864ರಲ್ಲಿ ಬೆಂಗಳೂರು ದಂಡಿಗೂ ಜೋಲಾರಪೇಟೆಗೂ ರೈಲು ಬಂತು. 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಚಿನ್ನದ ಗಣಿಗಳ ಕೆಲಸವನ್ನು ಕೈಗೆತ್ತಿಕೊಂಡರು. 1894ರಲ್ಲಿ ಬೌರಿಂಗ್‌ಪೇಟೆಯಿಂದ ಮಾರಿಕುಪ್ಪಮ್ಮಿಗೆ ಹತ್ತು ಮೈಲಿಯ ಕವಲುದಾರಿ ಏರ್ಪಟ್ಟಿತು. 1902ರಲ್ಲಿ ಶಿವನಸಮುದ್ರದಿಂದ 92 ಮೈಲಿ ದೂರ ತಂತಿಯ ಮೂಲಕ ವಿದ್ಯುಚ್ಛಕ್ತಿಯು ಹರಿದು ಬಂತು. ಬೆಂಗಳೂರಿನ ಬೀದಿಗಳಿಗಿಂತ ಮೊದಲೇ ಇಲ್ಲಿನ ಗಣಿಗಳು ಅದನ್ನು ಕಂಡುವು. ಗಣಿಯಾಳುಗಳಿಗೆ ಅಕ್ಕಿ, ಬೇಳೆ, ಬಟ್ಟೆ, ಸೌದೆಗಳನ್ನು ಒದಗಿಸುವ ವ್ಯಾಪಾರಿಗಳು ಬಂಗಾರಪೇಟೆಯಲ್ಲಿ ನೆಲೆನಿಂತರು. ಕೋಲಾರ ಸೀಮೆಯ ಕಲ್ಲಿನ ಚಪ್ಪಡಿ, ಮಂಗಳೂರಿನ ಹೆಂಚು, ಸುಣ್ಣದ ಗಾರೆ, ರೈಲಿನಲ್ಲಿ ಬಂದ ಕಬ್ಬಿಣದ ತೊಲೆ ಇವು ಒಂದೇ ಮನೆಯಲ್ಲಿ ಕೂಡಿದುವು. ಮುಂದೆ ಜಗುಲಿ, ಒಳಗೆ ಹಜಾರ, ನಡುಮನೆ, ಹಿತ್ತಲು; ಮೇಲೆ ಬೆಳಕಿಂಡಿ. ಇಂಥ ಮನೆಯನ್ನು ಯಾವ ರಾಜನೂ ಕಟ್ಟಿಸಲಿಲ್ಲ. ಪುರಾತತ್ವದವರ ಪುಸ್ತಕದಲ್ಲಿ ಅದಕ್ಕೆ ಸ್ಥಾನವೂ ಇಲ್ಲ.

ಗಣಿಯ ಪ್ರದೇಶದ ಸಂಗತಿಯು ಬೇರೆ. ಅಲ್ಲಿ ಎರಡು ಬಗೆಯ ಮನೆಗಳು. ಊರ್ಗಾಂ, ಚಾಂಪಿಯನ್ ರೀಫ್ಸ್ ಮೊದಲಾದ ಕಡೆಗಳಲ್ಲಿ ಅಧಿಕಾರಿಗಳ ಬಂಗಲೆಗಳು: ಅಗಲವಾದ ವೆರಾಂಡ, ಇಳಿಜಾರಿನ ಹೆಂಚಿನ ಸೂರು, ಸುತ್ತಲೂ ತೋಟ. 1885ರ ಕೆ.ಜಿ.ಎಫ್. ಕ್ಲಬ್ಬು ಅದೇ ಪ್ರಪಂಚಕ್ಕೆ ಸೇರಿದ್ದು. ಇದನ್ನು ನೋಡಿಯೇ ಜನರು ಆ ಪ್ರದೇಶವನ್ನು ಚಿಕ್ಕ ಇಂಗ್ಲೆಂಡ್ ಎಂದು ಕರೆದರು. ಎರಡನೆಯದು ಆಳುಗಳ ಲೈನುಗಳು. ಮೊದಮೊದಲು ಬಿದಿರಿನ ತಟ್ಟಿಯ ಗುಡಿಸಲುಗಳು, ಆಮೇಲೆ ಗೋಡೆಗೆ ಗೋಡೆ ಹೊಂದಿಕೊಂಡ ಒಂಟಿ ಕೋಣೆಯ ಸಾಲುಮನೆಗಳು. ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಗಳಿಂದ ಬಂದ ತಮಿಳರೂ ತೆಲುಗರೂ, ಅವರಲ್ಲಿಯೂ ಬಹುಪಾಲು ಅಸ್ಪೃಶ್ಯರೆಂದು ಊರಿನಿಂದ ಹೊರಗಿಡಲ್ಪಟ್ಟಿದ್ದವರು, ಆ ಕೋಣೆಗಳಲ್ಲಿ ಬದುಕಿದರು. ಭೂಮಿಯೊಳಗೆ ಸುಮಾರು ಎರಡು ಮೈಲಿ ಆಳದಲ್ಲಿ ಬಂಡೆಯು ಸಿಡಿದಾಗ ಮೇಲೆ ಗೋಡೆಗಳು ನಡುಗುತ್ತಿದ್ದುವು. ಮನೆಯ ಹೆಂಗಸರು ಬಾಗಿಲಿಗೆ ಬಂದು ನಿಂತು ಗಣಿಯ ಕಡೆಗೆ ನೋಡುತ್ತಿದ್ದರು. ಈ ಲೈನುಗಳ ನಡುವೆಯೇ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅಯೋತ್ತಿದಾಸ ಪಂಡಿತರ ಬೌದ್ಧ ಸಂಘದ ಶಾಖೆಯು ಹುಟ್ಟಿತು. ಕಾರ್ಮಿಕರ ಸಂಘಟನೆಯೂ ಬೆಳೆದದ್ದು ಅಲ್ಲಿಯೇ. ಆದಕಾರಣ ಇತಿಹಾಸವು ಬಂಗಲೆಯಲ್ಲಿ ಮಾತ್ರ ಇದೆ, ಲೈನಿನಲ್ಲಿ ಇಲ್ಲವೆಂದು ಹೇಳುವವರೊಡನೆ ನಾವು ಒಪ್ಪಲಾರೆವು.

ಗಣಿಗಳನ್ನು 1956ರಲ್ಲಿ ಮೈಸೂರು ಸರ್ಕಾರವೂ 1962ರಲ್ಲಿ ಕೇಂದ್ರ ಸರ್ಕಾರವೂ ವಹಿಸಿಕೊಂಡುವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಸಂಸ್ಥೆಯಾಯಿತು. ಹೆಚ್ಚುಕಡಮೆ ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ನು ಚಿನ್ನವನ್ನು ಕೊಟ್ಟ ಮೇಲೆ 2001ರ ಫೆಬ್ರವರಿ ಕೊನೆಯಲ್ಲಿ ಕೆಲಸವು ನಿಂತಿತು. ಅಂದಿನಿಂದ ಬಂಗಲೆಗಳಲ್ಲಿ ಎಷ್ಟೋ ಹಾಳುಬಿದ್ದಿವೆ. ಬಾಗಿಲು ಕಿಟಕಿಗಳು ಮೊದಲು ಹೋದುವು, ಹೆಂಚು ಆಮೇಲೆ; ಕೊನೆಗೆ ಮಳೆಯು ಉಳಿದ ಕೆಲಸವನ್ನು ಪೂರೈಸಿತು. ಲೈನುಗಳಲ್ಲಿ ಮಾತ್ರ ಹಳೆಯ ಕೆಲಸಗಾರರ ಸಂಸಾರಗಳು ಇಂದಿಗೂ ಇವೆ. ಮನೆಯ ಹಕ್ಕುಪತ್ರಕ್ಕಾಗಿ ಅವರು ವರ್ಷಗಟ್ಟಲೆ ಅಲೆದಿದ್ದಾರೆ. ಜನವಿಲ್ಲದ ದೊಡ್ಡ ಮನೆಯು ಬಿದ್ದು, ಜನವಿರುವ ಸಣ್ಣ ಮನೆಯು ನಿಂತಿರುವುದನ್ನು ನೋಡಿದರೆ, ಮನೆಯನ್ನು ಕಾಪಾಡತಕ್ಕ ಮೊದಲನೆಯ ಉಪಾಯವು ಒಲೆಯಲ್ಲಿ ಬೆಂಕಿಯಿರುವುದು ಎಂದು ಯಾರಿಗಾದರೂ ತೋರದಿರದು.

ಇನ್ನು ಕಾನೂನಿನ ಮಾತು. ಸ್ಮಾರಕಗಳ ರಕ್ಷಣೆಗೆ ಕೇಂದ್ರದಲ್ಲಿ 1958ರ ಕಾಯಿದೆಯೂ ನಮ್ಮ ರಾಜ್ಯದಲ್ಲಿ 1961ರ ಕಾಯಿದೆಯೂ ಇವೆ. ಇವು ದೇವಾಲಯಕ್ಕೂ ಕೋಟೆಗೂ ತಕ್ಕವು. ಸಂಸಾರ ಹೂಡಿರುವ ಮನೆಗೆ ಆ ಅಂಗಿಯು ಹೊಂದದು. ಸ್ನಾನದ ಮನೆಗೆ ನಲ್ಲಿ ಹಾಕಿಸಲು ಪುರಾತತ್ವದವರ ಅಪ್ಪಣೆ ಕೇಳೆಂದರೆ ಯಾರು ಸಹಿಸುತ್ತಾರೆ? ಮನೆಗಳಿಗೆ ಬೇಕಾದದ್ದು ಊರಿನವರೇ ಮಾಡಿಕೊಳ್ಳತಕ್ಕ ನಿಬಂಧನೆ. ಅಮೆರಿಕದ ಚಾರ್ಲ್ಸ್‌ಟನ್ ಎಂಬ ಪಟ್ಟಣದವರು 1931ರಲ್ಲಿ ಹಳೆಯ ಮೊಹಲ್ಲಾವೊಂದನ್ನು ಗುರುತಿಸಿ, ಅಲ್ಲಿನ ಕಟ್ಟಡಗಳ ಹೊರರೂಪವನ್ನು ಬದಲಿಸುವ ಮೊದಲು ಒಂದು ಮಂಡಲಿಯ ಒಪ್ಪಿಗೆ ಬೇಕೆಂದು ಏರ್ಪಡಿಸಿದರು. ನಮ್ಮ ದೇಶದಲ್ಲಿ ಮುಂಬಯಿಯವರು 1995ರಲ್ಲಿ ಕಟ್ಟಡಗಳನ್ನು ಮೂರು ದರ್ಜೆಯಾಗಿ ವಿಂಗಡಿಸಿ ನಿಯಮಗಳನ್ನು ಮಾಡಿದರು. ಹೈದರಾಬಾದಿನಲ್ಲಿಯೂ ಅದೇ ವರ್ಷ ನಿಯಮವಾಯಿತು; ಆದರೆ 2015ರಲ್ಲಿ ಆ ನಿಯಮವನ್ನೇ ರದ್ದುಪಡಿಸಿದರು. ಕಾಗದದ ಗೋಡೆ ಎಷ್ಟು ಗಟ್ಟಿಯೆಂಬುದಕ್ಕೆ ಇದೊಂದು ಸಾಕ್ಷಿ.

ಮೈಸೂರನ್ನು ತೆಗೆದುಕೊಳ್ಳೋಣ. ಅಲ್ಲಿ ಪಾರಂಪರಿಕ ಕಟ್ಟಡಗಳೆಂದು ಇನ್ನೂರಕ್ಕೂ ಮೇಲ್ಪಟ್ಟು ಗುರುತಿಸಿದ್ದಾರೆ. ಹಾಗಿದ್ದರೂ 2012ರ ಆಗಸ್ಟಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗವು ಕುಸಿದು ನಾಲ್ವರು ಮೃತರಾದರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗವು ಬಿದ್ದಿತು. ಇವನ್ನು ಯಾರೂ ಕೆಡಹಲಿಲ್ಲ. ಹೆಸರು ಪಟ್ಟಿಯಲ್ಲಿದ್ದಂತೆಯೇ ಅವು ತಾವಾಗಿ ಬಿದ್ದುವು. ಮನೆಯ ವಿಷಯದಲ್ಲಿ ನೆನೆಯತಕ್ಕದ್ದು ಆರ್. ಕೆ. ನಾರಾಯಣರ ಯಾದವಗಿರಿಯ ಮನೆ. 2011ರಲ್ಲಿ ಅದನ್ನು ಕೆಡಹಲು ಆರಂಭಿಸಿದ ಮೇಲೆ ಊರಿಗೆ ಎಚ್ಚರವಾಯಿತು. ಕೆಲಸವನ್ನು ನಿಲ್ಲಿಸಿದರು. ವಾರಸುದಾರರು ತಮ್ಮ ಸ್ವತ್ತಿನ ಬೆಲೆಯನ್ನು ಕೇಳಿದರು; ಕೇಳಿದುದು ತಪ್ಪೆಂದು ನಾವು ಹೇಳಲಾರೆವು. ಕೊನೆಗೆ ಸಾರ್ವಜನಿಕ ಹಣದಿಂದ ಕೊಂಡು, ದುರಸ್ತಿ ಮಾಡಿ, 2016ರಲ್ಲಿ ವಸ್ತುಸಂಗ್ರಹಾಲಯವನ್ನಾಗಿ ತೆರೆದರು. ಒಬ್ಬ ಪ್ರಸಿದ್ಧ ಲೇಖಕನ ಒಂದು ಮನೆಗೆ ಇದು ಸಾಧ್ಯ. ಬಂಗಾರಪೇಟೆಯ ಅಕ್ಕಿ ವ್ಯಾಪಾರಿಯ ಮನೆಯನ್ನು ಯಾರು ಕೊಳ್ಳುತ್ತಾರೆ? ಕೊಳ್ಳುವುದೂ ಬೇಡ.

ನಮ್ಮ ಪುರಸಭೆಗಳಿಗೆ 1964ರ ಕಾಯಿದೆಯಂತೆ ಉಪನಿಯಮಗಳನ್ನು ಮಾಡಿಕೊಳ್ಳಲು ಅವಕಾಶವಿದೆ; 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಂತೆ ವಲಯದ ನಿಯಮಗಳನ್ನೂ ಮಾಡಬಹುದು. ಇಂದು ಮನೆ ಕಟ್ಟುವವನು ನಕ್ಷೆ ಹಿಡಿದು ಕಚೇರಿಗೆ ಅಲೆಯುತ್ತಾನೆ. ಕೆಡಹುವವನನ್ನು ಯಾರೂ ಏಕೆಂದು ಕೇಳುವುದಿಲ್ಲ. ಮೊದಲನೆಯದಾಗಿ ಈ ಕೇಳುವಿಕೆಯನ್ನು ಏರ್ಪಡಿಸಬೇಕು. ಎಪ್ಪತ್ತೈದು ವರ್ಷ ದಾಟಿದ ಮನೆಯನ್ನು ಕೆಡಹುವ ಮೂರು ತಿಂಗಳು ಮುಂಚೆ ಪುರಸಭೆಗೆ ತಿಳಿಸತಕ್ಕದ್ದು. ಆ ಮೂರು ತಿಂಗಳಲ್ಲಿ ಮನೆಯ ಅಳತೆ, ಚಿತ್ರಗಳನ್ನು ತೆಗೆದುಕೊಂಡು, ಉಳಿಸುವ ದಾರಿಯುಂಟೇ ಎಂದು ಯಜಮಾನನೊಡನೆ ಕುಳಿತು ಮಾತನಾಡತಕ್ಕದ್ದು. ಇಷ್ಟು ಮಾತ್ರ ನಿಯಮವಾದರೂ ಅರ್ಧ ಮನೆಗಳು ಉಳಿದಾವೆಂದು ನಮ್ಮ ನಂಬಿಕೆ. ಏಕೆಂದರೆ ಎಷ್ಟೋ ಮನೆಗಳು ಬೀಳುವುದು ಬೇರೆ ದಾರಿಯಿಲ್ಲದ್ದರಿಂದಲ್ಲ, ಬೇರೆ ದಾರಿಯನ್ನು ಯಾರೂ ತೋರಿಸದ್ದರಿಂದ. ಸುಣ್ಣದ ಗೋಡೆಯ ಮೇಲೆ ಸಿಮೆಂಟು ಬಳಿದು, ಒಳಗಿನ ತೇವವು ಹೊರಬರಲಾರದೆ ಗೋಡೆ ಉಬ್ಬಿದಾಗ, ಮನೆಗೆ ವಯಸ್ಸಾಯಿತೆಂದು ತೀರ್ಮಾನಿಸುತ್ತಾರೆ. ವಯಸ್ಸಾದದ್ದು ಮನೆಗಲ್ಲ, ಗಾರೆಯ ಕೆಲಸ ತಿಳಿದವರು ಇಲ್ಲವಾದರು, ಅಷ್ಟೆ.

ಎರಡನೆಯದು, ಯಜಮಾನನಿಗೆ ಅನುಕೂಲ. ಬೀದಿಯ ಕಡೆಯ ಜಗುಲಿ, ಕಂಬ, ಸೂರಿನ ಇಳಿಜಾರು ಇವನ್ನು ಉಳಿಸಿಕೊಂಡವನಿಗೆ ಹಿತ್ತಲಿನಲ್ಲಿ ಎರಡಂತಸ್ತು ಕಟ್ಟಿಕೊಳ್ಳಲು ಧಾರಾಳವಾಗಿ ಅಪ್ಪಣೆ ಕೊಡಲಿ. ಮುಂಗೋಣೆಯನ್ನು ಅಂಗಡಿಯಾಗಿ ಮಾಡಿಕೊಳ್ಳಲಿ. ಜಗುಲಿಯ ಮೇಲೆ ವ್ಯಾಪಾರ ನಡೆದದ್ದು ಈ ಊರಿಗೆ ಹೊಸದೇನೂ ಅಲ್ಲ. ಮನೆಗಂದಾಯದಲ್ಲಿ ಸೋಡಿ ಕೊಡಲಿ. ಕಟ್ಟದೆ ಬಿಟ್ಟ ಅಂತಸ್ತಿನ ಹಕ್ಕನ್ನು ಬೇರೆಯವರಿಗೆ ಮಾರಿಕೊಳ್ಳುವ ಏರ್ಪಾಟೊಂದು ಮುಂಬಯಿಯಂಥ ನಗರಗಳಲ್ಲಿ ಉಂಟು. ನೆಲದ ಬೆಲೆಯು ಆಕಾಶಕ್ಕೇರಿರುವಲ್ಲಿ ಅದು ನಡೆಯಬಹುದು. ಬಂಗಾರಪೇಟೆಯಲ್ಲಿ ಆ ಕಾಗದವನ್ನು ಕೊಳ್ಳುವವರು ಸಿಕ್ಕುವರೆಂದು ನಮಗೆ ತೋರುವುದಿಲ್ಲ. ಕಂದಾಯದ ಸೋಡಿಯು ಕೈಗೆ ಹತ್ತುವ ಹಣ.

ಗಣಿಯ ಪ್ರದೇಶದಲ್ಲಿ ತೊಡಕು ಹೆಚ್ಚು. ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಗಳ ಬೀದಿಗಳಿಗೆ ನಗರಸಭೆಯ ಮಾತು ನಡೆಯುತ್ತದೆ; ಗಣಿಯ ನೆಲವಾದರೋ ಕೇಂದ್ರ ಸರ್ಕಾರಕ್ಕೆ ಸೇರಿದುದು. ಬಂಗಲೆಗಳ ಪಟ್ಟಿಯನ್ನು ಬೇಗ ಮಾಡಬಹುದು. ಅವುಗಳಿಗೆ ಅಭಿಮಾನಿಗಳಿದ್ದಾರೆ, ಚಿತ್ರ ತೆಗೆಯುವವರಿದ್ದಾರೆ. ಲೈನುಗಳನ್ನು ಪಟ್ಟಿಗೆ ಸೇರಿಸಬೇಕೆಂದರೆ ಮಾತ್ರ, ಬಡವರನ್ನು ಒಂಟಿ ಕೋಣೆಯಲ್ಲಿ ಕೂಡಿಹಾಕಿ ಪ್ರದರ್ಶನಕ್ಕಿಡುತ್ತೀರಾ ಎಂಬ ಪ್ರಶ್ನೆಯು ಬರುತ್ತದೆ. ನ್ಯಾಯವಾದ ಪ್ರಶ್ನೆಯೇ. ಬೇಕೆಂದವರಿಗೆ ಎರಡು ಕೋಣೆಗಳನ್ನು ಕೂಡಿಸಿ ಒಂದು ಮನೆಮಾಡಿ, ಹಿಂದೆ ಕಕ್ಕಸು, ಬಚ್ಚಲುಗಳನ್ನು ಕಟ್ಟಿ, ಸಾಲಿನ ರೂಪವನ್ನಷ್ಟೇ ಉಳಿಸುವುದು ಅಸಾಧ್ಯವೇನಲ್ಲ. ಆದರೆ ಹಕ್ಕುಪತ್ರವು ಕೈಗೆ ಬರುವ ಮುನ್ನ ನಿರ್ಬಂಧದ ಕಾಗದವು ಬಂದರೆ ಅದನ್ನು ಅವರು ಹೇಗೆ ನಂಬಿಯಾರು?

ಚಾಂಪಿಯನ್ ರೀಫ್ಸಿನ ಒಂದು ಲೈನಿನಲ್ಲಿ ವೃದ್ಧೆಯೊಬ್ಬರು ನಮ್ಮನ್ನು ಕೂರಿಸಿ ಕಾಫಿ ಕೊಟ್ಟರು. ಅವರ ಯಜಮಾನರು ಮೂವತ್ತು ವರ್ಷ ಗಣಿಯೊಳಗೆ ಕೆಲಸ ಮಾಡಿದವರು. ಪಟವು ಗೋಡೆಯ ಮೇಲಿತ್ತು. ಹೊರಗೆ ಸಯನೈಡ್ ದಿಬ್ಬದ ಧೂಳು ಗಾಳಿಗೆ ಎದ್ದು ಹೊಸ್ತಿಲ ಮೇಲೆ ಕೂರುತ್ತಿತ್ತು. ಅವರು ಮಾತನಾಡುತ್ತಲೇ ಅದನ್ನು ಎರಡು ಸಲ ಗುಡಿಸಿದರು. ನಾವು ಹಳೆಯ ಮನೆಗಳ ನಿಬಂಧನೆಯ ವಿಚಾರವನ್ನು ಬಹು ಉತ್ಸಾಹದಿಂದ ವಿವರಿಸಿದೆವು. ಅವರು ಕೊನೆಯವರೆಗೂ ಕೇಳಿ, ಸೂರಿನಲ್ಲಿ ಬೆಳಕು ಕಾಣುತ್ತಿದ್ದ ಒಂದು ತೂತನ್ನು ತೋರಿಸಿ, "ನಿಮ್ಮ ಪಟ್ಟಿಗೆ ಸೇರಿದರೆ ಆ ಶೀಟನ್ನು ಬದಲಾಯಿಸಲು ಬಿಡುತ್ತೀರೋ, ಅದಕ್ಕೂ ಅರ್ಜಿ ಹಾಕಬೇಕೋ?" ಎಂದು ಕೇಳಿದರು. ಅರ್ಜಿ ಬೇಡವೆಂದು ನಾವು ಹೇಳಿಬಂದಿದ್ದೇವೆ. ಹೇಳಲು ನಮಗೆ ಅಧಿಕಾರವಿರಲಿಲ್ಲ. ನಿಬಂಧನೆಯನ್ನು ಬರೆಯತಕ್ಕವರು ಆ ಮಾತನ್ನು ಮೊದಲನೆಯ ಕಲಮಿನಲ್ಲಿಯೇ ಸೇರಿಸಿದರೆ ನಾವು ಕೊಟ್ಟ ವಚನವು ಉಳಿಯುತ್ತದೆ.