ಗೆರ್ಗೆತಿಯ ಬೆಟ್ಟದ ದೇವಾಲಯ



ಈ ಶುಭದಿನ ದೂರದೊಂದು ದೇವಾಲಯದತ್ತ ನಮ್ಮ ಮನಸ್ಸನ್ನು ಹೊರಳಿಸೋಣ. ಜಾರ್ಜಿಯಾ ದೇಶದ ಕಾಕಸಸ್ ಪರ್ವತಶ್ರೇಣಿಯಲ್ಲಿ, ಹಿಮಾಚ್ಛಾದಿತ ಕಜ್ಬೆಕ್ ಶಿಖರದ ಕೆಳಗೆ, 2170 ಮೀಟರ್ ಎತ್ತರದಲ್ಲಿ ಗೆರ್ಗೆತಿಯ ಪರಮ ತ್ರಿತ್ವ ದೇವಾಲಯ ನಿಂತಿದೆ. 14ನೆಯ ಶತಮಾನದ ಈ ಕಲ್ಲಿನ ಮಂದಿರ ನಮ್ಮ ಸೋದರ ಆರ್ಥಡಾಕ್ಸ್ ಧರ್ಮಸಭೆಗೆ ಸೇರಿದುದು.

ಆ ನಾಡಿಗೆ 4ನೆಯ ಶತಮಾನದಲ್ಲಿ ಶುಭಸಂದೇಶವನ್ನು ತಂದವರು ಸಂತ ನೀನೋ. ದ್ರಾಕ್ಷಿಬಳ್ಳಿಯ ಕಡ್ಡಿಗಳನ್ನು ತಮ್ಮ ತಲೆಗೂದಲಿನಿಂದಲೇ ಬಿಗಿದು ಆಕೆ ಶಿಲುಬೆ ಮಾಡಿಕೊಂಡರೆಂಬುದು ಪರಂಪರೆ. ವೈರಿಗಳು ದಂಡೆತ್ತಿ ಬಂದಾಗ ಹಳೆಯ ರಾಜಧಾನಿ ಮ್ಸ್ಖೇತದ ನಿಧಿಗಳೊಡನೆ ಆ ಶಿಲುಬೆಯನ್ನೂ ಈ ಬೆಟ್ಟಕ್ಕೇ ತಂದು ಕಾಪಾಡುತ್ತಿದ್ದರೆಂದು 18ನೆಯ ಶತಮಾನದ ಇತಿಹಾಸಕಾರ ವಖುಷ್ತಿ ಬರೆದಿದ್ದಾನೆ. ದುರ್ಗಮತೆಯೇ ಅದಕ್ಕೆ ಕೋಟೆಯಾಗಿತ್ತು.

ಸೋವಿಯೆತ್ ಆಳ್ವಿಕೆಯಲ್ಲಿ ಅಲ್ಲಿ ಪೂಜಾವಿಧಿಗಳು ನಿಷೇಧಗೊಂಡವು. ಪ್ರವಾಸಿಗರಿಗೆ ಮಾತ್ರ ತಡೆಯಿರಲಿಲ್ಲ! 1988ರಲ್ಲಿ ಕಣಿವೆಯಿಂದ ಬೆಟ್ಟಕ್ಕೆ ತಂತಿರಥವನ್ನೂ ಕಟ್ಟಿಸಲಾಯಿತು. ಊರವರು ಅದನ್ನು ಪವಿತ್ರ ಸ್ಥಳಕ್ಕಾದ ಅಪಚಾರವೆಂದೆಣಿಸಿ ಕಿತ್ತುಹಾಕಿದರು. ಮಂಡಿನೋವಿನ ನಾವಾಗಿದ್ದರೆ ಸದ್ದಿಲ್ಲದೆ ಏರಿ ಕುಳಿತುಬಿಡುತ್ತಿದ್ದೆವೇನೋ. ಆದರೆ ಪ್ರಾರ್ಥನೆಗೆ ಮುಚ್ಚಿದ್ದ ಬಾಗಿಲಿಗೆ ನೋಡುಗರನ್ನು ಸಾಗಿಸುವ ಯಂತ್ರವನ್ನು ಆ ಬೆಟ್ಟಿಗರು ಹೇಗೆ ತಾನೆ ಸಹಿಸಿಯಾರು?

ಇಂದು ಅಲ್ಲಿ ಮತ್ತೆ ಪೂಜೆ ನಡೆಯುತ್ತಿದೆ. ದೇವಾಲಯದ ಸಮೀಪದವರೆಗೆ ವಾಹನಗಳೂ ಹೋಗುತ್ತವೆ. ಹಲವರು ಈಗಲೂ ನಡೆದೇ ಹತ್ತುತ್ತಾರೆ.